ಅಂಚಿನಲ್ಲಿ ಕೇಳಿದ ಪ್ರಶ್ನೆ

ಕಾಯುವುದು ನನ್ನ ಜಾಯಮಾನಕ್ಕೆ ಒಗ್ಗಿದ್ದಲ್ಲ. ಅಂಥವಳನ್ನು ಮದುವೆ ಮಾಡಿ ತಂದು ದೊಡ್ಡಬಳ್ಳಾಪುರದ ಮಗ್ಗದ ಮನೆಯಲ್ಲಿ ಕಂಡಿಕೆಗೆ ನೂಲು ಸುತ್ತಲು ಕೂರಿಸಿದರು. ಅರವತ್ತರ ದಶಕ ಅರ್ಧ ಕಳೆದಿತ್ತು. ನನ್ನ ಹೈಸ್ಕೂಲು ಓದು ನಡುವೆಯೇ ನಿಂತಿತ್ತು. "ಎಸ್.ಎಸ್.ಎಲ್.ಸಿ. ಕಟ್ತೀನಿ" ಎಂದರೆ ಅತ್ತೆ, "ಕಟ್ಟಿ ಯಾವ ಕಚೇರಿ ಆಳ್ಬೇಕು ನೀನು? ಕೈಯಲ್ಲಿರೋದು ಮುಗಿಸು" ಎನ್ನುತ್ತಿದ್ದರು. ಗಂಡನ ಮಾತು ಅಡ್ಡಗೋಡೆಯ ಮೇಲಿಟ್ಟ ದೀಪ: "ನೋಡೋಣ ಬಿಡು."

ಆ ಮನೆಯಲ್ಲಿ ನನಗೆ ಉಸಿರಾಡಲು ಸಿಗುತ್ತಿದ್ದದ್ದು ಊರ ಗ್ರಂಥಾಲಯದ ಮಾಸಪತ್ರಿಕೆಯೊಂದೇ. ಹೆಂಗಸರು ಅಲ್ಲಿ ಹೋಗಿ ಕೂರುವ ರೂಢಿ ಇರಲಿಲ್ಲ. ಜವಾನನೇ ಸೈಕಲ್ಲಿನಲ್ಲಿ ಸಂಚಿಕೆಯನ್ನು ಮನೆಯಿಂದ ಮನೆಗೆ ಒಯ್ಯುತ್ತಿದ್ದ. ಒಂದು ಸುತ್ತು ಮುಗಿದು ಕೆಲವು ತಿಂಗಳಾದ ಮೇಲೆ ಅದೇ ಸಂಚಿಕೆ ಇನ್ನೊಂದು ಸುತ್ತು ಬರುತ್ತಿತ್ತು. ಆಗ ಅದರ ಅಂಚಿನ ತುಂಬ ಪೆನ್ಸಿಲ್ ಬರಹ. "ಈ ಉಪ್ಪಿನಕಾಯಿಗೆ ಇಷ್ಟು ಸಾಸಿವೆಯೇ? ಬರೆದವರು ತಿಂದು ನೋಡಿಲ್ಲ." ಅದರ ಕೆಳಗೆ ಇನ್ನೊಬ್ಬರು: "ನಾನು ತಿಂದೆ. ಸರಿಯಾಗಿದೆ." ಯಾರೂ ಹೆಸರು ಹಾಕುತ್ತಿರಲಿಲ್ಲ. ಕತೆಯಲ್ಲಿ ಹೆಂಡತಿ ಅಳುತ್ತ ಕುಳಿತಳೆಂದರೆ ಸಾಕು, "ಎದ್ದು ಮಾತಾಡೇ" ಎಂದು ಗದರುವವರೊಬ್ಬರಿದ್ದರು. ಅವರ ಅಕ್ಷರ ಎಡಕ್ಕೆ ವಾಲಿರುತ್ತಿತ್ತು. ಅವರ ಮೇಲೆ ನನಗೆ ಬಹಳ ಪ್ರೀತಿ.

ಒಂದು ಮಧ್ಯಾಹ್ನ ನಾನೂ ಬರೆದೆ: "ಮನೆಯವರು ಒಪ್ಪದಿದ್ದರೂ ಪರೀಕ್ಷೆ ಕಟ್ಟಬಹುದೇ?"

ಆಮೇಲೆ ಕಾಲು ಸುಟ್ಟ ಬೆಕ್ಕಾದೆ. ಬೀದಿಯಲ್ಲಿ ಸೈಕಲ್ ಗಂಟೆ ಕೇಳಿದರೆ ನೂಲು ಬಿಟ್ಟು ಬಾಗಿಲಿಗೆ ಓಡುವುದು, ಬೈಸಿಕೊಂಡು ವಾಪಸ್ಸು ಬರುವುದು. ಆ ಸಂಚಿಕೆ ಎರಡನೆಯ ಸುತ್ತು ಬರುವುದರೊಳಗೆ ಬಾಣಂತನಕ್ಕೆ ಹೊಸಕೋಟೆಯ ತವರಿಗೆ ಹೋಗಬೇಕಾಯಿತು. ಮಗಳನ್ನೆತ್ತಿಕೊಂಡು ಹಿಂದಿರುಗಿದಾಗ ಜವಾನ ಕೆಲಸ ಬಿಟ್ಟಿದ್ದ; ಮನೆಗೆ ಪತ್ರಿಕೆ ಬರುವುದೂ ನಿಂತಿತ್ತು.

ಗ್ರಂಥಾಲಯದ ಮೆಟ್ಟಿಲು ಹತ್ತುವ ಧೈರ್ಯ ಬಂದದ್ದು ಮಗಳು ಶಾಲೆಗೆ ಸೇರಿದ ಮೇಲೆ. ಅಲ್ಲಿದ್ದವರು ಹೇಳಿದರು: "ಹಳೇದೆಲ್ಲ ದೇವನಹಳ್ಳೀಲಿದೆ ಕಣಮ್ಮ. ನಾಕೂರಿನ ಗ್ರಂಥಾಲಯದವ್ರು ಸೇರಿ ಒಂದೇ ಕಡೆ ಇಟ್ಟಿದೀವಿ." ಒಂದೂರಲ್ಲಿ ಒಂದು ವರ್ಷದ್ದು ಕಳೆದಿತ್ತಂತೆ, ಇನ್ನೊಂದೂರಲ್ಲಿ ಗೆದ್ದಲು ತಿಂದಿತ್ತಂತೆ. ನಾಲ್ಕು ಕಡೆಯಿಂದಲೂ ಒಳ್ಳೆಯ ಪ್ರತಿಗಳನ್ನು ಆರಿಸಿ, ಕೊರತೆ ತುಂಬಿ, ಬೈಂಡು ಮಾಡಿಸಿದ್ದರು. ಸಂಶೋಧನೆ ಮಾಡುವವರಿಗೆಂದು ಮಾಡಿದ್ದಾದರೂ ನಾಲ್ಕೂರಿನ ಯಾರು ಬೇಕಾದರೂ ಹೋಗಿ ಓದಬಹುದಿತ್ತು. ಸದ್ಯ, ಯಾವುದೂ ಹಾಳಾಗಿಲ್ಲವಲ್ಲ ಎಂದು ಹಿಗ್ಗಿದೆ.

ನೆಂಟರ ಮನೆಗೆಂದು ಸುಳ್ಳು ಹೇಳಿ ದೇವನಹಳ್ಳಿಯ ಬಸ್ಸು ಹತ್ತಿದೆ. ದಪ್ಪ ಗೋಡೆಯ ತಣ್ಣನೆಯ ಕೋಣೆ, ಒಣಗಿದ ಬೇವಿನೆಲೆಯ ವಾಸನೆ. ಅಲ್ಲಿನ ಗ್ರಂಥಪಾಲಕರು ಸಂಪುಟವನ್ನು ಕೂಸಿನ ಹಾಗೆ ಎರಡೂ ಕೈಯಲ್ಲಿ ಎತ್ತಿ ತಂದರು. "ಒಂದು ತಿಂಗಳೂ ತಪ್ಪಿಲ್ಲ, ನೋಡಿ" ಎಂದರು. ಹೆಮ್ಮೆಪಡಬೇಕಾದ ಕೆಲಸವೇ.

ನನ್ನ ಪುಟ ಸಿಕ್ಕಿತು. ಕತೆ ಇತ್ತು, ಚಿತ್ರವಿತ್ತು. ಅಂಚು ಬೆಳ್ಳಗಿತ್ತು. ಹಿಂದಕ್ಕೆ ತಿರುಗಿಸಿದೆ, ಮುಂದಕ್ಕೆ ತಿರುಗಿಸಿದೆ, ಎಲ್ಲವೂ ಬೆಳ್ಳಗೆ.

"ಇದು ದೊಡ್ಡಬಳ್ಳಾಪುರದ್ದಲ್ವಾ?"

"ಅಯ್ಯೋ, ಅದ್ರಲ್ಲಿ ಯಾರೋ ಹೆಂಗಸ್ರು ಗೀಚಿ ಗೀಚಿ ಗಲೀಜು ಮಾಡ್ಬಿಟ್ಟಿದ್ರಮ್ಮ. ನೆಲಮಂಗಲದ ಪ್ರತೀನ ಒಬ್ರೂ ಮುಟ್ಟಿರ್ಲಿಲ್ಲ. ಅದನ್ನೇ ಇಟ್ಕೊಂಡ್ವಿ."

"ನಮ್ಮದು?"

"ರದ್ದಿಗೆ ಹೋಯ್ತು."

ಮೈಯೆಲ್ಲ ಉರಿದುಹೋಯಿತು. ಯಾರೂ ಓದದ್ದನ್ನು ಜೋಪಾನ ಮಾಡಿ, ಊರೆಲ್ಲ ಓದಿದ್ದನ್ನು ತೂಕಕ್ಕೆ ಹಾಕಿದ್ದರು! "ಅದ್ರಲ್ಲಿ ನನಗೊಂದು ಉತ್ತರ ಇತ್ತು" ಎಂದೆ. ಆ ಪುಣ್ಯಾತ್ಮರಿಗೆ ಏನೂ ತಿಳಿಯಲಿಲ್ಲ. ಬಿಸಿಲಿಗೆ ಹೀಗಾಗಿದೆಯೆಂದು ನೀರು ತರಿಸಿಕೊಟ್ಟರು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಜಾಗವಿದ್ದರೂ ಕೂರಲಾಗಲಿಲ್ಲ, ಕಂಬಿ ಹಿಡಿದು ನಿಂತೇ ಬಂದೆ. ಆ ಎಡಕ್ಕೆ ವಾಲಿದ ಅಕ್ಷರದವರು ಕಟ್ಟು ಎಂದಿದ್ದರೋ, ಬೇಡ ಎಂದಿದ್ದರೋ, ನನ್ನ ಪ್ರಶ್ನೆಯನ್ನು ನೋಡಿಯೇ ಇರಲಿಲ್ಲವೋ. ಮುಖ ಕಾಣದ ಒಬ್ಬರು ಹೂಂ ಎನ್ನಲಿ ಎಂದು ಇಷ್ಟು ವರ್ಷ ಕಾದಿದ್ದೆ. ಇನ್ನು ಹೂಂ ಎನ್ನುವವರು ಯಾರೂ ಉಳಿದಿರಲಿಲ್ಲ.

ಬಸ್ಸಿಳಿದು ಮನೆಗೆ ಹೋಗದೆ ನೇರ ಹೈಸ್ಕೂಲಿಗೆ ನಡೆದು ಪರೀಕ್ಷೆಯ ಅರ್ಜಿ ಕೇಳಿದೆ. ಗುಮಾಸ್ತರು ತಲೆಯೆತ್ತದೆ, "ಯಾರಿಗಮ್ಮ, ತಮ್ಮನಿಗಾ?" ಎಂದರು.

"ನನಗೆ" ಎಂದೆ.