ಮೇಷ್ಟ್ರ ಹೆಸರಿಗೆ ನೆರಳು

ಅಕ್ಷರಗಳನ್ನು ಎಬ್ಬಿಸಿ ನಿಲ್ಲಿಸುವುದು ನನ್ನ ಕಸುಬು. ದೊಡ್ಡಬಳ್ಳಾಪುರದ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ನನ್ನದೊಂದು ಡಿಟಿಪಿ ಅಂಗಡಿಯಿದೆ. ಕರಪತ್ರವಿರಲಿ, ಬ್ರೋಷರ್ ಇರಲಿ, ಬಂದವರೆಲ್ಲ ಕೇಳುವುದು ಒಂದೇ: “ಮೇಡಂ, ಅಕ್ಷರ ಎದ್ದು ಬರ್ಬೇಕು.” ಕಾಗದವೇ ಚಪ್ಪಟೆಯಲ್ಲವೇ ಎಂದು ನಾನು ಯಾರೊಂದಿಗೂ ವಾದಕ್ಕೆ ಇಳಿದಿಲ್ಲ. ಬಂಗಾರದ ಬಣ್ಣ ಬಳಿದು, ಪಕ್ಕಕ್ಕೆ ಗೋಡೆಯಷ್ಟು ದಪ್ಪ ಕೊಟ್ಟು, ಕೆಳಗೊಂದು ಕಪ್ಪು ನೆರಳು ಹಾಸಿದರೆ ಗಿರಾಕಿ ಖುಷಿಯಾಗಿ ಹೋಗುತ್ತಾನೆ. ಹೇಳಲು ವಿಷಯ ಕಡಿಮೆಯಿದ್ದಷ್ಟೂ ಅಕ್ಷರ ದಪ್ಪವಾಗಬೇಕು ಎನ್ನುವುದು ಇಷ್ಟು ವರ್ಷಗಳಲ್ಲಿ ನಾನು ಕಂಡುಕೊಂಡ ಸತ್ಯ. ದೇವನಹಳ್ಳಿ ಕಡೆಯ ಒಂದು ಲೇಔಟಿನ ಬ್ರೋಷರಿಗೆ ಅದರ ಹೆಸರನ್ನು ಕೋಟೆಯ ಹಾಗೆ ಕಟ್ಟಿಕೊಟ್ಟಿದ್ದೆ. ಆಮೇಲೊಮ್ಮೆ ಆ ದಾರಿಯಲ್ಲಿ ಹೋದಾಗ ನೋಡಿದರೆ ಬಣ್ಣ ಬಳಿದ ನಾಲ್ಕು ಕಲ್ಲು, ಒಂದು ಜಾಲಿ ಮರ. ಇಡೀ ಲೇಔಟಿನಲ್ಲಿ ಕಟ್ಟಡ ಎನ್ನುವುದೇನಾದರೂ ಇದ್ದರೆ ಅದು ನನ್ನ ಅಕ್ಷರಗಳು ಮಾತ್ರ.

ಈ ವಿದ್ಯೆ ನನಗೆ ಬಂದದ್ದು ಕಂಪ್ಯೂಟರಿನಿಂದಲ್ಲ. ರಾಜಘಟ್ಟದ ಆಚೆ, ನಮ್ಮೂರ ಹೈಸ್ಕೂಲಿನಲ್ಲಿದ್ದ ಡ್ರಾಯಿಂಗ್ ಮೇಷ್ಟ್ರು ಕಲಿಸಿದ್ದು. ಅವರು ಸೀಮೆಸುಣ್ಣವನ್ನು ನೀರಿನಲ್ಲಿ ಅದ್ದಿ ಬೋರ್ಡಿನ ಮೇಲೆ ಮೊದಲು ಅಕ್ಷರ ಬರೆಯುತ್ತಿದ್ದರು. ಆಮೇಲೆ ಪ್ರತಿಯೊಂದು ಮೂಲೆಯಿಂದಲೂ ಒಂದೇ ಓರೆಯಲ್ಲಿ ಪುಟ್ಟ ಗೆರೆ ಎಳೆದು, ಗೆರೆಗಳ ತುದಿ ಕೂಡಿಸಿ, ಒಳಗೆ ಸೀಮೆಸುಣ್ಣವನ್ನು ಮಲಗಿಸಿ ತಿಕ್ಕುವರು. ನೋಡುನೋಡುತ್ತಿದ್ದಂತೆ ಅಕ್ಷರ ಬೋರ್ಡಿನಿಂದ ಎದ್ದು ಬರುತ್ತಿತ್ತು. ಅವರ ಬಾಯಿ ಮಾತ್ರ ಬಲು ಕೆಟ್ಟದ್ದು. ಒಂಬತ್ತನೇ ಕ್ಲಾಸಿನಲ್ಲಿ, ಶಾಲಾ ವಾರ್ಷಿಕೋತ್ಸವಕ್ಕೆ ನಾನು ‘ಸುಸ್ವಾಗತ’ ಎಂದು ಬರೆದಿದ್ದೆ. ಉಳಿದ ಅಕ್ಷರಗಳ ನೆರಳು ಬಲಕ್ಕೆ, ಕೊನೆಯದರದು ಮಾತ್ರ ಎಡಕ್ಕೆ ಬಿದ್ದಿತ್ತು. “ಏನಮ್ಮಾ, ಆಕಾಶ್ದಲ್ಲಿ ಇನ್ನೊಂದು ಸೂರ್ಯನ್ನ ಹುಟ್ಟಿಸ್ಬಿಟ್ಟಿದ್ದೀಯಲ್ಲ!” ಎಂದು ಇಡೀ ಶಾಲೆಯ ಮುಂದೆ ಡಸ್ಟರಿನಿಂದ ಒರೆಸಿಬಿಟ್ಟರು. ಸರಿಯಾಗಿ ಬರೆದ ದಿನ ‘ಹ್ಞೂಂ’ ಎನ್ನುವರು. ಚೆನ್ನಾಗಿದೆ ಎನ್ನುವ ಮಾತನ್ನು ನಾನಂತೂ ಅವರ ಬಾಯಿಂದ ಕೇಳಲಿಲ್ಲ, ಆ ಶಾಲೆಯಲ್ಲಿ ಕೇಳಿದವರು ಯಾರೂ ಇದ್ದಂತಿಲ್ಲ.

ಹೀಗಿರುವಾಗ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಗುರುವಂದನೆಯ ಹುಮ್ಮಸ್ಸು ಎದ್ದಿತು. ನಮ್ಮ ಕಾಲದ ಮೇಷ್ಟ್ರುಗಳ ಪೈಕಿ ಉಳಿದಿದ್ದವರು ಡ್ರಾಯಿಂಗ್ ಮೇಷ್ಟ್ರು ಒಬ್ಬರೇ. ಅವರಿಗೆ ಸನ್ಮಾನವೆಂದಾಯಿತು. ಸಮಿತಿಗೆ ಅಧ್ಯಕ್ಷನಾದವನು ಕೊನೆಯ ಬೆಂಚಿನ ಗೆಳೆಯ, ಈಗ ಜಮೀನು ವ್ಯವಹಾರದಲ್ಲಿ ದೊಡ್ಡ ಕುಳ. ಬ್ರೋಷರಿನ ಕೆಲಸ ನನ್ನ ಪಾಲಿಗೆ ಬಂತು. ಬೇಡವೆನ್ನಲಿಲ್ಲ. ನನಗೊಂದು ಆಸೆಯಿತ್ತು, ಹೇಳಿಬಿಡುತ್ತೇನೆ, ನಗಬೇಡಿ. ಈ ತಾಲೂಕಿನಲ್ಲಿ ನಾನು ಎಬ್ಬಿಸಿ ನಿಲ್ಲಿಸದ ಹೆಸರಿಲ್ಲ. ಆದರೂ ಆ ಮನುಷ್ಯ ಒಂದೇ ಒಂದು ಸಲ ನನ್ನ ಅಕ್ಷರ ನೋಡಿ ಚೆನ್ನಾಗಿದೆ ಎನ್ನಬೇಕಿತ್ತು. ಮೂವತ್ತು ವರ್ಷವಾದರೂ ಆ ಡಸ್ಟರು ನನ್ನ ಮನಸ್ಸಿನಲ್ಲಿ ಓಡಾಡುತ್ತಲೇ ಇತ್ತು.

ಮೊದಲ ಪ್ರೂಫಿನ ಮುಖಪುಟದ ನಡುವೆ ಮೇಷ್ಟ್ರ ಹೆಸರು ದೊಡ್ಡದಾಗಿ ಹಾಕಿದ್ದೆ. ಗೆಳೆಯ ಅಂಗಡಿಗೆ ಬಂದು ಕನ್ನಡಕ ಏರಿಸಿ ನೋಡಿದ.

“ಉದ್ಘಾಟಕರ ಹೆಸರೆಲ್ಲಮ್ಮ?”

“ಒಳಗಡೆ ಪುಟದಲ್ಲಿದೆ ಕಣೋ.”

“ಒಳಗಡೆನಾ? ಪೆಂಡಾಲು, ಊಟ ಎಲ್ಲ ಅವರದೇ ತಾಯಿ. ಮೇಲ್ಗಡೆ ತ್ರೀಡಿಲಿ ಹಾಕು, ಗೋಲ್ಡ್ ಕಲರು.”

ಹಾಕಿದೆ. ಮರುದಿನ ಮತ್ತೆ ಬಂದ. ಈ ಸಲ ಸಮಾರಂಭದ ಅಧ್ಯಕ್ಷತೆ ವಹಿಸುವವರ ಚಿಂತೆ.

“ಅವರಿಗೆ ಅಷ್ಟುದ್ದ ನೆರಳು ಕೊಟ್ಬಿಟ್ಟು ಇವರಿಗೆ ಏನೂ ಇಲ್ದಂಗೆ ಮಾಡಿದ್ದೀಯ. ನೋಡಿದ್ರೆ ಬೇಜಾರಾಗ್ತಾರೆ ಕಣಮ್ಮ.”

ಅವರಿಗೂ ನೆರಳಾಯಿತು. ಮೂರನೆಯ ದಿನ ಮುಖ್ಯ ಅತಿಥಿಗಳು, ನಾಲ್ಕನೆಯ ದಿನ ವಿಶೇಷ ಆಹ್ವಾನಿತರು. ಎಲ್ಲರದೂ ಒಂದೇ ದಪ್ಪವಾದರೆ ಉದ್ಘಾಟಕರಿಗೆ ಅವಮಾನವೆಂದು ಅವರ ಅಕ್ಷರವನ್ನು ಇನ್ನಷ್ಟು ಉಬ್ಬಿಸಿದ್ದಾಯಿತು. ಯಾರ ಘನತೆಗೆ ಎಷ್ಟು ದಪ್ಪ ಎನ್ನುವುದನ್ನು ಸಮಿತಿ ನನ್ನ ಕುರ್ಚಿಯ ಹಿಂದೆ ನಿಂತು ಟೀ ಕುಡಿಯುತ್ತ ತೀರ್ಮಾನಿಸುತ್ತಿತ್ತು. ಅಷ್ಟು ಜನ ಎದ್ದು ನಿಂತ ಮೇಲೆ ಮೇಷ್ಟ್ರಿಗೆ ಉಳಿದದ್ದು ಮುಖಪುಟದ ತೀರಾ ಕೆಳಗೆ ಒಂದು ಸಾಲಿನ ಜಾಗ. ಅದನ್ನೂ ಹಿಂದಿನ ಪುಟಕ್ಕೆ ಕಳಿಸೋಣವೆಂದು ಗೆಳೆಯ ಬಾಯಿ ತೆಗೆದ.

“ಸನ್ಮಾನ ಯಾರಿಗೋ?” ಎಂದೆ.

“ಮೇಷ್ಟ್ರಿಗೇ ಕಣಮ್ಮ. ಅವರು ಇದಕ್ಕೆಲ್ಲ ಬೇಜಾರು ಮಾಡ್ಕೊಳ್ಳಲ್ಲ.”

“ಆ ಸಾಲು ಮುಟ್ಟಿದ್ರೆ ಬ್ರೋಷರ್ ಬೇರೆ ಕಡೆ ಮಾಡಿಸ್ಕೋ, ಹೋಗು.”

ನನ್ನ ದನಿ ಕೇಳಿ ಎದುರಿನ ಜೆರಾಕ್ಸ್ ಅಂಗಡಿಯವರು ಎದ್ದು ಬಂದರು. ಗೆಳೆಯ ಟೀ ಲೋಟ ಇಟ್ಟು ಹೊರಟುಹೋದ. ಆ ಸಾಲು ಉಳಿಯಿತು.

ಉಳಿದವರ ಹೆಸರುಗಳಿಗೆಲ್ಲ ಒಂದು ಬಟನ್ ಒತ್ತಿದ್ದೆ, ಅಷ್ಟೇ. ಸಾಫ್ಟ್‌ವೇರ್ ತಾನೇ ಉಬ್ಬಿಸಿ ತಾನೇ ನೆರಳು ಹಾಕಿತ್ತು. ಮೇಷ್ಟ್ರ ಹೆಸರಿಗೆ ಹಾಗೆ ಮಾಡಲು ಮನಸ್ಸಾಗಲಿಲ್ಲ. ಅವರ ಹೆಸರಿನಲ್ಲಿ ಎರಡು ಒತ್ತಕ್ಷರ. ಬಟನ್ ಒತ್ತಿದರೆ ಮೇಲಿನ ಅಕ್ಷರದ ನೆರಳಿನಲ್ಲಿ ಅವು ಮುಳುಗಿಹೋಗುತ್ತವೆ. ಮೂಲೆ ಮೂಲೆಗೂ ನಾನೇ ಗೆರೆ ಎಳೆದೆ, ಒಂದೇ ಓರೆ, ಒಂದೇ ಉದ್ದ. ಒತ್ತುಗಳ ನೆರಳನ್ನು ತೆಳುವಾಗಿಸಿ ಬಿಡಿಸಿದೆ. ಗಿರಾಕಿಗಳು ಬಾಗಿಲಲ್ಲಿ ಕಾಯುತ್ತಿದ್ದರೂ ನಾಲ್ಕು ದಿನ ಆ ಒಂದು ಸಾಲಿನ ಮೇಲೆ ಕೂತೆ. ಮುದ್ರಣವಾಗಿ ಬಂದಾಗ ಭೂತಗನ್ನಡಿ ಹಿಡಿದು ನೋಡಿದೆ. ತಪ್ಪಿರಲಿಲ್ಲ. ಇಷ್ಟು ವರ್ಷಗಳಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಅದೊಂದೇ ಎಂದು ಈಗಲೂ ಹೇಳುತ್ತೇನೆ.

ಸಮಾರಂಭ ಶಾಲೆಯ ಅಂಗಳದಲ್ಲೇ ನಡೆಯಿತು. ಮೇಷ್ಟ್ರು ಸೊಸೆಯ ಕೈ ಹಿಡಿದು ಆಟೋದಿಂದ ಇಳಿದರು. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ, ಗಂಧದ ಹಾರ ಎಲ್ಲ ಆಯಿತು. ಭಾಷಣಗಳ ನಡುವೆ ಉದ್ಘಾಟಕರು ಬ್ರೋಷರನ್ನು ಬೆಳಕಿಗೆ ಓರೆಯಾಗಿ ಹಿಡಿದು ತಮ್ಮ ಹೆಸರನ್ನು ಎರಡು ಸಲ ನೋಡಿಕೊಂಡರು. ಅವರ ಮೆಚ್ಚುಗೆ ನನಗೆ ಬೇಕಿರಲಿಲ್ಲ, ಆದರೆ ಅದು ಮಾತ್ರ ತಡವಿಲ್ಲದೆ ಸಿಕ್ಕಿತು.

ನಮಸ್ಕಾರ ಮಾಡುವವರ ಸಾಲು ಕರಗಿದ ಮೇಲೆ ನಾನು ವೇದಿಕೆ ಹತ್ತಿದೆ. ಕಾಲು ಮುಟ್ಟಿ ಹೆಸರು ಹೇಳಿದೆ.

“ಗೊತ್ತಾಯ್ತು ಬಿಡಮ್ಮ, ಧ್ವನಿ ಕೇಳಿದ್ರೇ ಗೊತ್ತಾಯ್ತು,” ಎಂದರು.

“ಸರ್, ಈ ಬ್ರೋಷರ್ ನಾನೇ ಮಾಡಿದ್ದು. ನಿಮ್ಮ ಹೆಸರು ನೋಡಿ ಸರ್.”

ಬ್ರೋಷರನ್ನು ಕೈಗಿಟ್ಟೆ. ಕೆಳತುದಿಯನ್ನು ಎಡಗೈಯಲ್ಲಿ ಹಿಡಿದು ಮೂಗಿನ ಹತ್ತಿರ ತಂದರು, ತೋಳುದ್ದ ದೂರ ಹಿಡಿದರು. ಅವರ ಬಲಗೈ ಬೆರಳು ಕಾಗದದ ಮೇಲೆ ಹುಡುಕುತ್ತ ಹೋಗಿ, ಮೇಲೆ ಬಂಗಾರದ ಬಣ್ಣದಲ್ಲಿ ಹೊಳೆಯುತ್ತಿದ್ದ ದಪ್ಪ ಸಾಲಿನ ಮೇಲೆ ನಿಂತಿತು. ಅದು ಉದ್ಘಾಟಕರ ಹೆಸರು. ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ನಿಧಾನವಾಗಿ ಬೆರಳಾಡಿಸಿದರು. ಹಿಂದೆ ನಿಂತಿದ್ದ ಸೊಸೆ ನನ್ನ ಕಡೆ ನೋಡಿ, ತನ್ನ ಕಣ್ಣಿಗೆ ಕೈ ಅಡ್ಡ ಹಿಡಿದು, ಕಾಣಿಸುವುದಿಲ್ಲವೆಂದು ತಲೆಯಾಡಿಸಿದಳು.

“ಚೆನ್ನಾಗಿ ಬರ್ದಿದ್ದೀಯ ಕಣಮ್ಮ,” ಎಂದರು ಮೇಷ್ಟ್ರು. “ಬಲು ಚೆನ್ನಾಗಿದೆ. ಆದ್ರೆ ನನ್ನ ಹೆಸರ್ನ ಇಷ್ಟು ದೊಡ್ಡದಾಗಿ ಹಾಕ್ಬಾರ್ದಾಗಿತ್ತು. ಬಂದಿರೋ ದೊಡ್ಡೋರು ಏನಂದ್ಕೊಂಡಾರು?”

ಅಂತೂ ನನಗೆ ಬೇಕಿದ್ದ ಮಾತು ಬಂತು. ಎರಡು ನಿಮಿಷದಲ್ಲಿ ಬಟನ್ ಒತ್ತಿ ಎಬ್ಬಿಸಿದ ಹೆಸರಿಗೆ ಬಂತು. ನಾಲ್ಕು ದಿನ ತಿದ್ದಿದ ಸಾಲು ಅವರ ಎಡಗೈ ಹೆಬ್ಬೆರಳ ಕೆಳಗೆ ಪೂರ್ತಿ ಮುಚ್ಚಿಹೋಗಿತ್ತು. ಸಂಕಟವಾಯಿತು. ಅದರ ಜೊತೆಗೇ, ನಾಚಿಕೆಗೇಡಿನ ಹಾಗೆ, ಸಂತೋಷವೂ ಆಯಿತು.

ಆ ಹೆಬ್ಬೆರಳನ್ನು ಸರಿಸಲು ನನ್ನಿಂದಾಗಲಿಲ್ಲ.

“ಇವತ್ತು ನಿಮಗಿಂತ ದೊಡ್ಡೋರು ಯಾರೂ ಬಂದಿಲ್ಲ ಸರ್,” ಎಂದೆ.

ಅವರು ನಕ್ಕರು. ಬ್ರೋಷರನ್ನು ಸೊಸೆಯ ಕೈಗೆ ಕೊಟ್ಟು, “ಜೋಪಾನವಾಗಿ ಇಟ್ಕೊಳ್ಳಮ್ಮ, ನನ್ನ ಶಿಷ್ಯೆ ಬರೆದಿದ್ದು,” ಎಂದರು.