ಹೊಂದದಿದ್ದರೆ ಅಳಿಸು

ನನ್ನ ಹೆಂಡತಿಯ ತಮ್ಮನನ್ನು ಎಲ್ಲರೂ ಬುದ್ಧಿವಂತ ಅನ್ನುತ್ತಾರೆ. ಅವಳು ಮಾತ್ರ ಅವನು ತೊಟ್ಟಿಲಲ್ಲಿದ್ದಾಗಿನಿಂದ ದಡ್ಡ ಅಂತಲೇ ಕರೆದವಳು. ಅವನ ಕೆಲಸ ಏನೆಂದು ಕನ್ನಡಕದ ಅಂಗಡಿ ಇಟ್ಟುಕೊಂಡಿರುವ ನನ್ನ ತಲೆಗೆ ಹೋಗಲು ವರ್ಷಗಳೇ ಬೇಕಾದವು. ಮೊಬೈಲ್ ಆ್ಯಪ್‌ಗಳು ತಮ್ಮ ಮಾಹಿತಿಯನ್ನು ಫೋನಿನೊಳಗೇ ಒಂದು ಡೇಟಾಬೇಸಿನಲ್ಲಿ ಇಟ್ಟುಕೊಳ್ಳುತ್ತವಂತೆ. ಇಡುವುದಕ್ಕೂ ತೆಗೆಯುವುದಕ್ಕೂ ಪುಟಗಟ್ಟಲೆ ಕೋಡ್ ಬರೆಯಬೇಕಂತೆ. ಇವನು ಬರೆದಿಟ್ಟ ಸಿದ್ಧ ಕೋಡಿನ ಕಟ್ಟೊಂದಿದೆ, ಅದಕ್ಕೆ ಲೈಬ್ರರಿ ಅನ್ನುತ್ತಾರೆ; ಅದನ್ನು ಸೇರಿಸಿಕೊಂಡರೆ ಆ ರಗಳೆಯೆಲ್ಲ ನಾಲ್ಕು ಸಾಲಿನಲ್ಲಿ ಮುಗಿಯುತ್ತದೆ. ಅದನ್ನು ಪುಕ್ಕಟೆ ಕೊಟ್ಟಿದ್ದ. ಮುಖ ಕಾಣದ ಜನ ಬಳಸುತ್ತಿದ್ದರು, ಕೆಟ್ಟರೆ ಬೈಯುತ್ತಿದ್ದರು. ನಮ್ಮ ಮನೆಗೆ ಊಟಕ್ಕೆ ಬಂದರೂ ತಟ್ಟೆಯ ಪಕ್ಕ ಲ್ಯಾಪ್‌ಟಾಪ್ ಇಟ್ಟುಕೊಂಡು ಯಾರದೋ ತೊಂದರೆಗೆ ಉತ್ತರ ಬರೆಯುತ್ತಿದ್ದ.

“ಮನೆಗೆ ಮಾರಿ, ಊರಿಗೆ ಉಪಕಾರಿ,” ಅನ್ನುತ್ತಿದ್ದಳು ನನ್ನ ಹೆಂಡತಿ. “ಮೊದ್ಲು ಊಟ ಮಾಡೋ ದಡ್ಡ.”

ಆಗ ಅದು ತಮಾಷೆಯ ಮಾತಾಗಿತ್ತು.

ಅವಳ ಗಂಟಲಲ್ಲಿ ಗಡ್ಡೆ ಬಂತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ಡಾಕ್ಟರು. ಅವತ್ತು ಇವನು ಅಡುಗೆಮನೆ ಬಾಗಿಲಿಗೆ ಒರಗಿ ನಿಂತು, “ಅಕ್ಕಾ, ಆಪರೇಷನ್‌ಗೆ ಮುಂಚೆ ನಿನ್ನ ಮಾತೆಲ್ಲ ತೆಗೆದಿಟ್ಕೊಳ್ಳೋಣ,” ಅಂದ. ತನ್ನ ಲೈಬ್ರರಿಯನ್ನೇ ಬಳಸಿ ಒಂದು ಆ್ಯಪ್ ಮಾಡಿಕೊಟ್ಟ. ಒಂದೊಂದು ಮಾತಿಗೆ ಒಂದೊಂದು ಗುಂಡಿ, ಒತ್ತಿದರೆ ಅವಳದೇ ದನಿ. ಮಲಗುವ ಕೋಣೆಯ ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಬೆವರು ಒರೆಸಿಕೊಳ್ಳುತ್ತ ಅವಳು ಹೇಳುತ್ತ ಹೋದಳು. ಬಾಗಿಲು ಹಾಕಿ. ಉಪ್ಪು ಕಮ್ಮಿ. ಯಾರದು? ನನಗೆ ಬೈಯುವುದಕ್ಕಂತೂ ಒಂದು ಪುಟವನ್ನೇ ಮೀಸಲಿಟ್ಟಳು.

“ನನ್ನ ದನಿ ಬೇರೆ ಯಾರ ಕಂಪ್ಯೂಟರ್‌ಗೂ ಹೋಗಬಾರ್ದು ಕಣೋ,” ಎಂದಳು. ಹಾಗಾಗಿ ಎಲ್ಲ ಅವಳ ಫೋನಿನಲ್ಲೇ ಉಳಿಯಿತು. ತನ್ನ ಹತ್ತಿರ ಇನ್ನೊಂದು ಪ್ರತಿ ಇಟ್ಟುಕೊಳ್ಳುತ್ತೇನೆ ಎಂದು ಅವಳನ್ನು ಒಪ್ಪಿಸಿದ್ದ. ನಾಳೆ ಮಾಡಿದರಾಯಿತು ಅಂದುಕೊಂಡ. ನಾಳೆ ಎಂದವನ ಮನೆ ಹಾಳು ಅನ್ನುತ್ತಾರೆ. ಇಲ್ಲಿ ಹಾಳಾಗಿದ್ದು ನನ್ನ ಮನೆ.

ಆಪರೇಷನ್ ಆಯಿತು. ಈಗ ಅವಳ ಉಸಿರು ಕತ್ತಿನ ತೂತಿನಿಂದ ಆಡುತ್ತದೆ. ಆದರೂ ಫೋನು “ಏನ್ರೀ, ಕಿವಿ ಕೇಳಿಸಲ್ವಾ?” ಅಂದಾಗ ನನಗೆ ಮನೆಯಲ್ಲಿ ಏನೂ ಕಳೆದಿಲ್ಲ ಅನ್ನಿಸುತ್ತಿತ್ತು. ಅವಳ ದನಿ ಬೇರೆಲ್ಲೂ ಇರಲಿಲ್ಲ. ಇರುವ ಒಂದು ವಿಡಿಯೋ ನಮ್ಮ ಮದುವೆಯದು, ಜೀವಮಾನದಲ್ಲಿ ಅವಳು ಬಾಯಿ ಮುಚ್ಚಿಕೊಂಡು ಕೂತಿದ್ದು ಅವತ್ತೊಂದೇ ದಿನ.

ಒಂದು ಮಧ್ಯಾಹ್ನ ಅವಳು ತಮ್ಮನಿಗೆ ಚೀಟಿಯಲ್ಲಿ ಬರೆದು ತೋರಿಸಿದಳು: “ಬೈಗುಳ ಹುಡುಕಿ ಸಾಕಾಯ್ತು, ಮೇಲೆ ಬರೋ ಹಾಗೆ ಮಾಡು.” ಅವನು ನಕ್ಕು, ಊಟ ಮಾಡುತ್ತಲೇ ಮಾಡಿದ. ಯಾವ ಗುಂಡಿಯನ್ನು ಎಷ್ಟು ಸಲ ಒತ್ತಿದಳೆಂದು ಲೆಕ್ಕವಿಡಲು ಡೇಟಾಬೇಸಿನಲ್ಲಿ ಒಂದು ಕಾಲಂ ಹೆಚ್ಚಿಸಿದ, ಅಷ್ಟೇ. ಹಾಗೆ ರೂಪ ಬದಲಾದಾಗ ಹಳೆಯದನ್ನು ಹೊಸದಕ್ಕೆ ಹೇಗೆ ಸಾಗಿಸಬೇಕೆಂದು ಬರೆಯಬೇಕು. ಬರೆಯದವರಿಗೆಂದು ಅವನ ಲೈಬ್ರರಿಯಲ್ಲಿ ಒಂದು ಸಾಲಿನ ಅನುಕೂಲವಿದೆ: ಹೊಂದದಿದ್ದರೆ ಹಳೆಯದನ್ನು ಅಳಿಸಿ ಹೊಸದಾಗಿ ಶುರುಮಾಡು. ಆ್ಯಪ್ ಕಟ್ಟುವಾಗ ಅದು ಸುಖ. ಜನರ ಕೈಗೆ ಕೊಡುವ ಮುಂಚೆ ಆ ಸಾಲು ತೆಗೆಯಿರಿ ಎಂದು ದಪ್ಪಕ್ಷರದಲ್ಲಿ ಬರೆದವನೂ ಇವನೇ, ತೆಗೆಯದವರನ್ನು ತರಾಟೆಗೆ ತೆಗೆದುಕೊಂಡವನೂ ಇವನೇ. ಅಕ್ಕನ ಆ್ಯಪಿನಲ್ಲಿ ಸಾಗಿಸುವ ಬಗೆಯನ್ನೂ ಬರೆದಿರಲಿಲ್ಲ, ಆ ಸಾಲನ್ನೂ ತೆಗೆದಿರಲಿಲ್ಲ. ದೀಪದ ಬುಡದಲ್ಲಿ ಕತ್ತಲು.

ಅವಳ ಫೋನಿನಲ್ಲಿ ಹೊಸ ಆ್ಯಪ್ ತೆರೆದುಕೊಂಡಿತು. “ಇಲ್ಲಿ ಇನ್ನೂ ಏನೂ ಇಲ್ಲ. ಮೊದಲ ಮಾತು ಸೇರಿಸಿ,” ಎಂದಿತ್ತು.

“ಭಾವಾ...” ಅಂದ.

“ಏನೋ?”

“ಹೋಯ್ತು.”

“ಏನ್ ಹೋಯ್ತು?”

“ಅಕ್ಕನ ಮಾತು. ಎಲ್ಲಾ.” ಅವನ ಎಂಜಲು ಕೈ ತಟ್ಟೆಯ ಮೇಲೆ ಹಾಗೇ ಒಣಗಿತು.

ನಾನು ಬಾಯಿಗೆ ಬಂದಂತೆ ಬೈದೆ. ಅಳಿಸಿದ್ದನ್ನು ತೆಗೆದುಕೊಡುತ್ತೇವೆ ಅನ್ನುವವರ ಬಳಿಗೆಲ್ಲ ಫೋನು ಹಿಡಿದುಕೊಂಡು ಅಲೆದೆವು, ಎಲ್ಲರೂ ಕೈಚೆಲ್ಲಿದರು. ಅವನು ತನ್ನ ಲೈಬ್ರರಿಯಿಂದಲೇ ಆ ಸಾಲನ್ನು ಕಿತ್ತುಹಾಕಿದ. ಅನುಕೂಲ ಹೋಯಿತೆಂದು ಎಲ್ಲೆಲ್ಲಿಂದಲೋ ಬೈದು ಬರೆದರು. ಯಾರಿಗೂ ಉತ್ತರಿಸಲಿಲ್ಲ. ಬರುತ್ತಾನೆ, ಅಕ್ಕನ ಎದುರು ಕೂರುತ್ತಾನೆ, ಹೋಗುತ್ತಾನೆ. ನನಗೆ ಅವನ ಮೇಲೆ ಸಿಟ್ಟು ಆರಿಲ್ಲ, ಆದರೆ ಆ ಮುಖ ನೋಡಿದರೆ ಪಾಪ ಅನ್ನಿಸುತ್ತದೆ.

ಮೊನ್ನೆ ಅವಳೇ ಅವನನ್ನು ಕೋಣೆಗೆ ಕರೆದೊಯ್ದಳು. ಕಿಟಕಿ ಮುಚ್ಚಿದಳು, ಫ್ಯಾನ್ ಆರಿಸಿದಳು. ಆ್ಯಪಿನಲ್ಲಿ ರೆಕಾರ್ಡ್ ಮಾಡುವ ಕೆಂಪು ಗುಂಡಿ ಒತ್ತಿ ಫೋನನ್ನು ಬಾಯಿಯ ಹತ್ತಿರ ಹಿಡಿದು ತುಟಿ ಆಡಿಸಿದಳು. ತಮ್ಮನ ಕಣ್ಣು ನೆಲದ ಮೇಲಿತ್ತು, ಬಾಗಿಲಲ್ಲಿದ್ದ ನನಗೆ ಆ ತುಟಿ ಕಂಡಿತು. ದಡ್ಡ ಅಂದಿದ್ದಳು. ಲೈಬ್ರರಿ ಅದನ್ನು ಜೋಪಾನವಾಗಿ ಉಳಿಸಿಕೊಂಡಿತು, ಹೊಸ ಗುಂಡಿಯೊಂದು ಮೂಡಿತು. ಒತ್ತಿ ಫೋನನ್ನು ತಮ್ಮನ ಕಿವಿಗೆ ಹಿಡಿದಳು.

ಅವನು ತಲೆ ಬಗ್ಗಿಸಿಕೊಂಡು ಕೇಳಿದ. ಮತ್ತೊಮ್ಮೆ ತಾನೇ ಒತ್ತಿ ಕೇಳಿದ.

“ಏನಂದೆ ಅಕ್ಕಾ?” ಅಂದ. “ಬರೀ ಗಾಳಿ ಕೇಳ್ತಿದೆ.”

ಅವಳು ಫೋನು ಮಂಚದ ಮೇಲಿಟ್ಟು, ಫ್ಯಾನ್ ಹಾಕಿ, ಕಿಟಕಿ ತೆರೆದಳು.