ಈರಕ್ಕನನ್ನು ಕೊರಟಗೆರೆಗೆ ತಲುಪಿಸಿದ್ದು

ಪಾವಗಡದಿಂದ ಬೆಳಿಗ್ಗೆ ಏಳರ ಬಸ್ಸು ಹಿಡಿದೆವು, ನಾನು ಮತ್ತು ಈರಕ್ಕ. ಎಂಬತ್ತರ ದಶಕದ ಶುರುವಿನ ಒಂದು ಏಪ್ರಿಲ್. ಏಳಕ್ಕೇ ಬಿಸಿಲು ಚುರುಗುಟ್ಟುತ್ತಿತ್ತು. ನಾನಾಗ ಪಾವಗಡದಲ್ಲಿ ಹೆಂಗಸರಿಗೆ ಹೊಲಿಗೆ ಕಲಿಸುತ್ತಿದ್ದೆ. ಮನೆಯಲ್ಲಿ ಏಟು ತಿಂದು ಓಡಿಬಂದವರನ್ನು ಕೊರಟಗೆರೆಯ ಆಶ್ರಯ ನಿಲಯಕ್ಕೆ ತಲುಪಿಸುವ ಕೆಲಸವೂ ಹೇಗೋ ನನ್ನ ಹೆಗಲಿಗೆ ಬಿದ್ದಿತ್ತು. ಧೈರ್ಯವಂತೆ ಎಂದು ಯಾರೂ ತಿಳಿಯಬೇಡಿ. ಹಲ್ಲಿ ಲೊಚಗುಟ್ಟಿದರೂ ಬೆಚ್ಚಿಬೀಳುವವಳು ನಾನು.

ಈರಕ್ಕನ ಗಂಡನ ಮನೆ ಶಿರಾ ತಾಲ್ಲೂಕಿನ ಪಟ್ಟನಾಯಕನಹಳ್ಳಿಯಾಚೆಯ ಒಂದು ಹಟ್ಟಿ. ಕುರಿ ಸಾಕುವ ಮನೆತನ. ಗಂಡ ಅವಳ ಎಡಗೈಯನ್ನು ಉರಿಯುವ ಒಲೆಗೆ ಹಿಡಿದಿದ್ದ. ಪಾವಗಡದ ಸೋದರತ್ತೆಯ ಮನೆಗೆ ಅವಳು ಓಡಿಬಂದ ಮೇಲೆ, ಸಿಕ್ಕಿದ ಕಡೆ ಕಡಿಯುತ್ತೇನೆ ಎಂದು ಹೇಳಿಕೊಂಡು ಅವನು ಊರೂರು ಹುಡುಕುತ್ತಿದ್ದನಂತೆ. ಬಸ್ ಸ್ಟ್ಯಾಂಡಿನಲ್ಲಿ ಆ ಅತ್ತೆ ನನ್ನ ಕೈ ಬಿಡಲೊಲ್ಲಳು. “ಮಾ ಪಿಲ್ಲ ಕಣಮ್ಮಾ, ಜಾಗ್ರತ್ತಗಾ ಕರ್ಕೊಂಡೋಗು” ಎಂದು ತೆಲುಗು ಬೆರೆಸಿ ಹೇಳಿದಳು, ನಮ್ಮ ಹುಡುಗಿ, ಜೋಪಾನ ಎಂದು.

ನನ್ನ ಜಾಣತನವನ್ನೂ ಹೇಳಿಬಿಡುತ್ತೇನೆ. ಈರಕ್ಕನ ಕಂಬಳಿ ಬಿಡಿಸಿ ನನ್ನ ವಾಯಿಲ್ ಸೀರೆ ಉಡಿಸಿದ್ದೆ, ತುರುಬು ಬಿಚ್ಚಿ ಜಡೆ ಹೆಣೆದಿದ್ದೆ, ಹೆಗಲಿಗೊಂದು ವ್ಯಾನಿಟಿ ಬ್ಯಾಗು ಸಿಕ್ಕಿಸಿದ್ದೆ. ಟಿಕೆಟ್ಟನ್ನು ಮಧುಗಿರಿಗೆ ಮಾತ್ರ ತೆಗೆದುಕೊಂಡೆ. ಮುಂದಿನ ಊರು ಕಂಡಕ್ಟರನಿಗೂ ಗೊತ್ತಾಗಬಾರದು. ಯಾರಾದರೂ ಯಾವೂರು ಎಂದರೆ ನನ್ನ ತಂಗಿ, ಐ.ಡಿ.ಹಳ್ಳಿಯವಳು ಎನ್ನುವುದೆಂದು ಮಾತಾಗಿತ್ತು.

ಅರವತ್ತು ಕಿಲೋಮೀಟರ್ ದಾರಿ, ಎರಡು ಗಂಟೆಗೂ ಹೆಚ್ಚು ಹೊತ್ತು. ಎರಡೂ ಬದಿಗೆ ಬಂಡೆ, ಜಾಲಿ, ಬಣಗುಡುವ ಹೊಲ. ಹಿಂದಿನಿಂದ ಹಾರನ್ ಕೇಳಿದಾಗಲೆಲ್ಲ ತಿರುಗಿ ನೋಡುತ್ತಿದ್ದೆ. ಎಪ್ಪತ್ತರ ದಶಕದಲ್ಲಿ ನಾನು ಈ ಕೆಲಸಕ್ಕೆ ಸೇರಿದಾಗ ಇಂಥ ಹೆದರಿಕೆ ಇರಲಿಲ್ಲ. ಆಗ ನಿಲಯಕ್ಕೆ ಬರುತ್ತಿದ್ದವರು ವಿಧವೆಯರು, ಯಾರಿಗೂ ಬೇಡವಾದವರು. ಅವರನ್ನು ಹುಡುಕಿಕೊಂಡು ನಾಯಿಯೂ ಬರುತ್ತಿರಲಿಲ್ಲ. ಬಾಗಿಲಿಗೆ ಅಗುಳಿಯೇ ಇರಲಿಲ್ಲ, ದನ ನುಗ್ಗದಂತೆ ಒಂದು ಹಗ್ಗ ಕಟ್ಟುತ್ತಿದ್ದೆವು. ಬರುಬರುತ್ತಾ ಗಂಡ ಬದುಕಿರುವವರೇ ಹೆಚ್ಚಾದರು. ಅವರ ಹಿಂದೆ ಗಂಡಸರೂ ಬಂದರು. ನಾವು ಕಬ್ಬಿಣದ ಅಗುಳಿ ಹಾಕಿಸಿದೆವು.

ಮಧುಗಿರಿಯೇ ಗಂಡಾಂತರದ ಜಾಗ. ಶಿರಾದಿಂದ ಬಡವನಹಳ್ಳಿ ಮೇಲೆ ಬರುವ ಬಸ್ಸುಗಳೂ ಅಲ್ಲೇ ನಿಲ್ಲುತ್ತವೆ. ಇಳಿದವರೇ ತಲೆ ಎತ್ತದೆ ಕೊರಟಗೆರೆ ಬಸ್ಸು ಹತ್ತಿ ಹೆಂಗಸರ ಸೀಟಿನಲ್ಲಿ ಕೂತೆವು. ಡ್ರೈವರ್ ಕಾಫಿಗೆ ಹೋಗಿದ್ದ. ಬಸ್ಸು ತುಂಬಿತು, ಡ್ರೈವರ್ ಮಾತ್ರ ಬರಲಿಲ್ಲ. ಈರಕ್ಕ ಕಿಟಕಿಯಾಚೆ ನೋಡಿದವಳೇ ನನ್ನ ತೊಡೆ ಹಿಂಡಿದಳು. ಎದುರಿನ ಹೋಟೆಲ್ ಮುಂದೆ ನಿಂತಿದ್ದವನು ಅವಳ ಗಂಡ. ಜೊತೆಗೆ ಅವನ ಅಣ್ಣ, ನರೆತ ಮೀಸೆಯ, ಕಂಬಳಿ ಹೊದ್ದ ಆಳು. ತಲೆ ತಗ್ಗಿಸು, ಏನೇ ಆದರೂ ಏಳಬೇಡ ಎಂದು ಅವಳ ಕಿವಿಯಲ್ಲಿ ಹೇಳಿದೆ.

ಅಣ್ಣ ಒಂದೊಂದೇ ಬಸ್ಸು ಹತ್ತಿ ನೋಡುತ್ತಾ ಬಂದ. ನಮ್ಮ ಬಸ್ಸಿನ ಮುಂದಿನ ಬಾಗಿಲಲ್ಲಿ ಅವನ ಮೆಟ್ಟು ಕಿರುಗುಟ್ಟಿತು. ಅಷ್ಟರಲ್ಲಿ ಪಕ್ಕದಲ್ಲಿ ಈರಕ್ಕ ಎದ್ದು ನಿಂತಳು. ಸೆರಗನ್ನು ತಲೆ ಮೇಲೆಳೆದುಕೊಂಡು, ಮುಖ ಪಕ್ಕಕ್ಕೆ ತಿರುಗಿಸಿ, ನೆಟ್ಟಗೆ. ಅವರ ಹಟ್ಟಿಯಲ್ಲಿ ಗಂಡನ ಅಣ್ಣ ಒಳಗೆ ಬಂದರೆ ಸೊಸೆ ಕೂತಿರುವಂತಿಲ್ಲ. ಹತ್ತು ವರ್ಷದ ರೂಢಿ, ಅವಳಿಗೆ ತಿಳಿಯದೆಯೇ ಮೈ ಎದ್ದು ನಿಂತಿತ್ತು. ಸೀರೆ, ಜಡೆ, ಬ್ಯಾಗು ಎಲ್ಲ ಬದಲಿಸಿದ್ದ ನನಗೆ ಇದು ಹೊಳೆದಿರಲಿಲ್ಲ. ಮುಗಿಯಿತು ಅಂದುಕೊಂಡೆ.

ಅವನು ನಿಂತ. ತಮ್ಮನ ಹೆಂಡತಿಯ ಮುಖವನ್ನು ಭಾವ ನೇರ ನೋಡುವುದೂ ಅವರಲ್ಲಿ ಇಲ್ಲ. ಅವನ ಕಣ್ಣು ಕೆಳಗಿಳಿದು ಬಟ್ಟೆ ಸುತ್ತಿದ ಎಡಗೈಯ ಮೇಲೆ ನಿಂತಿತು. ಕೆಳಗಿನಿಂದ ತಮ್ಮ, ಸಿಕ್ಕಿದಳಾ ಎಂದು ಕೂಗಿ ಕೇಳಿದ.

“ನಮ್ಮೋರು ಯಾರೂ ಇಲ್ಲ ಕಣ್ಲಾ” ಎಂದ ಅಣ್ಣ, ಬಂದ ಬಾಗಿಲಿನಿಂದಲೇ ಇಳಿದ.

ಡ್ರೈವರ್ ಬಂದು ಬಸ್ಸು ಊರು ದಾಟಿದರೂ ಈರಕ್ಕ ಕೂರಲಿಲ್ಲ. ಸೆರಗು ಹಿಡಿದು ಎಳೆದೆ. “ಭಾವ ಇನ್ನೂ ಕಾಣ್ತವ್ರೆ ಕಣಕ್ಕಾ” ಎಂದಳು. ತಿರುಗಿ ನೋಡಿದರೆ ಬರೀ ಧೂಳು.

ಕೊರಟಗೆರೆ ಹದಿನೆಂಟು ಕಿಲೋಮೀಟರ್. ನಿಲಯದಲ್ಲಿ ನಮಗೆ ಮುದ್ದೆ, ಹುರುಳಿ ಸಾರು ಬಡಿಸಿದರು. ಅವಳು ಉಂಡಳು, ನನಗೆ ಸೇರಲಿಲ್ಲ. ಎರಡು ದಿನ ಅಲ್ಲೇ ಇದ್ದೆ. ಬಾಗಿಲು ಬಡಿದರೆ ಹನ್ನೊಂದು ಹೆಂಗಸರೂ ಒಟ್ಟಿಗೆ ಮಾತು ನಿಲ್ಲಿಸುತ್ತಿದ್ದರು.

ಮೂರನೆಯ ದಿನ ವಾಪಸು ಹೊರಟೆ. ಮಧುಗಿರಿಯಲ್ಲಿ ಪಾವಗಡದ ಬಸ್ಸು ಹತ್ತಿ ಕೂತಿದ್ದಾಗ ಕಿಟಕಿಯ ಹತ್ತಿರ ಕಂಬಳಿಯ ವಾಸನೆ ಬಂತು. ಅದೇ ಭಾವ, ಒಬ್ಬನೇ. ನಾನು ಬರುವ ದಾರಿ ಕಾಯುತ್ತಿದ್ದನೋ ಏನೋ. ಚೀಲವನ್ನು ಮಡಿಲಿಗೆ ಎಳೆದುಕೊಂಡೆ. ಅವನು ನನ್ನ ಮುಖ ನೋಡದೆ ಬಸ್ಸಿನ ಚಕ್ರ ನೋಡುತ್ತಾ ಕೇಳಿದ, “ಅಲ್ಲಿ ಬಾಗ್ಲು ಗಟ್ಟಿ ಐತಾ ಅಮ್ಮ?”

ಕಬ್ಬಿಣದ ಅಗುಳಿ ಇದೆ ಎಂದೆ.

“ಇನ್ನೊಂದು ಹಾಕ್ಸಿ” ಎಂದ. “ಅವ್ನು ನನ್ ತಮ್ಮ. ನಂಗೊತ್ತು.”

ಡ್ರೈವರ್ ಬಂದು ಬಸ್ಸು ಚಾಲೂ ಮಾಡಿದ. ನಾನು ಚೀಲ ತೆಗೆದುಕೊಂಡು ಕೆಳಗಿಳಿದು, ಕಮ್ಮಾರರ ಅಂಗಡಿ ಎಲ್ಲಿದೆ ಎಂದು ಹಣ್ಣಿನವಳನ್ನು ಕೇಳಿದೆ.